ಘನ ಕೀಲೆಣ್ಣೆಗಳು: ಪದರ ವಸ್ತುಗಳ ಇತಿಹಾಸ

ಎಣ್ಣೆ, ಗ್ರೀಸ್ ನಿಲ್ಲದ ಕಡೆ, ಅಂದರೆ ನಿರ್ವಾತದಲ್ಲಿ, ಕಡುಚಳಿಯಲ್ಲಿ ಅಥವಾ ಕುಲುಮೆಯ ಬಿಸಿಯಲ್ಲಿ, ಯಂತ್ರಭಾಗಗಳ ಘರ್ಷಣೆ ತಗ್ಗಿಸಲು ಬಳಸುವ ಪುಡಿ ಮತ್ತು ತೆಳುಲೇಪಗಳಿಗೆ ಘನ ಕೀಲೆಣ್ಣೆ ಎಂದು ಹೆಸರು. ಗ್ರಾಫೈಟ್, ಮಾಲಿಬ್ಡಿನಂ ಡೈಸಲ್ಫೈಡ್, ಟಂಗ್‌ಸ್ಟನ್ ಡೈಸಲ್ಫೈಡ್ ಇವುಗಳಲ್ಲಿ ಮುಖ್ಯವಾದವು. ಮೂರರಲ್ಲೂ ಒಂದೇ ಪದರದೊಳಗಿನ ಪರಮಾಣುಗಳ ಹಿಡಿತ ಬಿಗಿ, ಪದರಗಳ ನಡುವಿನ ಸೆಳೆತ ಸಡಿಲ. ಈ ಸಡಿಲತನವೇ ಜಾರುವಿಕೆಗೆ ಕಾರಣ ಎಂದು ಪಠ್ಯಪುಸ್ತಕಗಳು ಇಂದಿಗೂ ಹೇಳುತ್ತವೆ. ಪ್ರಯೋಗಗಳ ದಾಖಲೆ ನೋಡಿದರೆ ಅದು ಅರ್ಧ ಸತ್ಯವಷ್ಟೇ.

ಕಪ್ಪಗೆ ಹೊಳೆಯುವ, ಮುಟ್ಟಿದರೆ ಕೈಗೆ ಮಸಿಯಂತೆ ಹತ್ತುವ ಗ್ರಾಫೈಟನ್ನೂ ಮಾಲಿಬ್ಡಿನೈಟ್ ಅದಿರನ್ನೂ ಬಹುಕಾಲ ಒಂದೇ ಎಂದು ಎಣಿಸಲಾಗಿತ್ತು. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್‌ಹೆಲ್ಮ್ ಷೀಲೆ 1778–79ರಲ್ಲಿ ಎರಡನ್ನೂ ಬೇರ್ಪಡಿಸಿ ತೋರಿಸಿದ. ಹಾಗಾಗಿ ಅದಕ್ಕೆ ಹಿಂದಿನ ಬರಹಗಳಲ್ಲಿ ಯಾವುದರ ಮಾತು ಬಂದಿದೆ ಎಂದು ಖಚಿತವಾಗಿ ಹೇಳುವುದು ಕಷ್ಟ. 1896ರಲ್ಲಿ ಎಡ್ವರ್ಡ್ ಅಚೆಸನ್ ಕೃತಕ ಗ್ರಾಫೈಟಿಗೆ ಪೇಟೆಂಟ್ ಪಡೆದ. 1920ರ ದಶಕದಲ್ಲಿ ಕ್ಷಕಿರಣಗಳು ಎರಡೂ ವಸ್ತುಗಳ ಪದರ ರಚನೆಯನ್ನು ಬಯಲು ಮಾಡಿದವು. ಸಡಿಲ ಪದರಗಳ ವಿವರಣೆ ಬೇರೂರಿದ್ದು ಆಗಲೇ.

ಅದನ್ನು ಅಲುಗಾಡಿಸಿದ್ದು ಎರಡನೇ ಮಹಾಯುದ್ಧದ ವಿಮಾನಗಳು. ನೆಲದ ಮೇಲೆ ಬಹುಕಾಲ ಬಾಳುತ್ತಿದ್ದ ಜನರೇಟರುಗಳ ಕಾರ್ಬನ್ ಬ್ರಷ್ಷುಗಳು ಎತ್ತರದ ಒಣಗಾಳಿಯಲ್ಲಿ ಬಹುಬೇಗ ಸವೆದು ಪುಡಿಯಾದವು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಆರ್. ಎಚ್. ಸ್ಯಾವೇಜ್ ಇದನ್ನು ಪರೀಕ್ಷಿಸಿ 1948ರಲ್ಲಿ ಫಲಿತಾಂಶ ಪ್ರಕಟಿಸಿದರು: ನಿರ್ವಾತದಲ್ಲಿ ಗ್ರಾಫೈಟ್ ಜಾರುವುದೇ ಇಲ್ಲ, ತುಸು ನೀರಾವಿ ಬಿಟ್ಟರೆ ಸವೆತ ನಿಲ್ಲುತ್ತದೆ. ಪದರಗಳ ಅಂಚಿನಲ್ಲಿ ಜೋಡಿಯಿಲ್ಲದೆ ಉಳಿದ ಬಂಧಗಳನ್ನು ನೀರಿನ ಅಣುಗಳು ತಣಿಸುತ್ತವೆ ಎಂಬ ವಿವರಣೆ ಇದಕ್ಕಿದೆ. ಈ ಇತಿಹಾಸದಲ್ಲಿ ಗ್ರಾಫೈಟಿನ ಒಂಟಿ ಪದರವಾದ ಗ್ರ್ಯಾಫೀನ್‌ಗಿಂತ ದೊಡ್ಡ ತಿರುವು ಇದೇ ಎನ್ನಬೇಕು. ಜಾರುವಿಕೆ ವಸ್ತುವಿನ ಸ್ವಂತ ಗುಣವಲ್ಲ, ಸುತ್ತಲಿನ ಗಾಳಿಯೂ ಅದರಲ್ಲಿ ಪಾಲುದಾರ ಎಂಬುದನ್ನು ಅದು ತೋರಿಸಿತು.

ಮಾಲಿಬ್ಡಿನಂ ಡೈಸಲ್ಫೈಡಿನ ನಡೆ ಇದಕ್ಕೆ ತದ್ವಿರುದ್ಧ. ನಿರ್ವಾತದಲ್ಲಿ ಅದು ಚೆನ್ನಾಗಿ ಜಾರುತ್ತದೆ, ತೇವಾಂಶ ತಗುಲಿದರೆ ಬೇಗ ಸವೆಯುತ್ತದೆ. ಅದು ಬಾಹ್ಯಾಕಾಶ ಯಂತ್ರಗಳ ನೆಚ್ಚಿನ ಲೇಪವಾದದ್ದು ಈ ಕಾರಣಕ್ಕೆ. ಅದರ ಮಿತಿ ಎದ್ದು ಕಂಡದ್ದು ಗೆಲಿಲಿಯೋ ನೌಕೆಯಲ್ಲಿ. ಗುರುಗ್ರಹದತ್ತ ಸಾಗುತ್ತಿದ್ದ ನೌಕೆಗೆ 1991ರ ಏಪ್ರಿಲ್‌ನಲ್ಲಿ ಕೊಡೆಯಂತೆ ಬಿಚ್ಚಿಕೊಳ್ಳುವ 4.8 ಮೀಟರ್ ಆಂಟೆನಾ ತೆರೆಯಲು ಆದೇಶ ಹೋಯಿತು. 18 ಕಡ್ಡಿಗಳ ಪೈಕಿ ಕೆಲವು ನಡುಕಂಬಕ್ಕೆ ಕಚ್ಚಿಕೊಂಡೇ ಉಳಿದವು. ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತದಿಂದಾಗಿ ಗೆಲಿಲಿಯೋ ಉಡಾವಣೆ ಮುಂದಕ್ಕೆ ಹೋಗಿ, ನೌಕೆಯನ್ನು ಫ್ಲಾರಿಡಾದಿಂದ ಕ್ಯಾಲಿಫೋರ್ನಿಯಾಕ್ಕೂ ಅಲ್ಲಿಂದ ಹಿಂದಕ್ಕೂ ಲಾರಿಯಲ್ಲಿ ಸಾಗಿಸಲಾಗಿತ್ತು. ಆ ಅಲುಗಾಟದಲ್ಲಿ ಕಡ್ಡಿಗಳ ಟೈಟಾನಿಯಂ ಪಿನ್ನುಗಳ ಮೇಲಿದ್ದ ಒಣ ಲೇಪ ಉಜ್ಜಿಹೋಗಿ, ಲೋಹಕ್ಕೆ ಲೋಹ ಹಿಡಿದುಕೊಂಡಿರಬಹುದು ಎಂಬುದು ತನಿಖೆಯಲ್ಲಿ ಹೊರಬಂದ ಅತಿ ಸಂಭಾವ್ಯ ಕಾರಣ. ಲೇಪದ ಬಾಳಿಕೆಯನ್ನು ಬಾಹ್ಯಾಕಾಶದಲ್ಲಷ್ಟೇ ಅಲ್ಲ, ನೆಲದ ಮೇಲೂ ಲೆಕ್ಕಹಾಕಬೇಕಾಯಿತು.

ಅದೇ ಹೊತ್ತಿಗೆ ಜಪಾನಿನ ಹಿರಾನೊ ಮತ್ತು ಶಿಂಜೊ, ಎರಡು ಹರಳುಮೇಲ್ಮೈಗಳ ಪರಮಾಣು ಸಾಲುಗಳು ಹೊಂದದಂತೆ ಇಟ್ಟರೆ ಘರ್ಷಣೆ ಬಹುಮಟ್ಟಿಗೆ ಇಲ್ಲವಾಗಬಹುದೆಂದು ಲೆಕ್ಕದಿಂದ ತೋರಿಸಿದ್ದರು. ಇದಕ್ಕೆ ಸೂಪರ್‌ಲೂಬ್ರಿಸಿಟಿ ಎಂಬ ಹೆಸರು ಬಂತು. 1993ರಲ್ಲಿ ಫ್ರಾನ್ಸಿನ ಜ್ಯಾನ್-ಮಿಶೆಲ್ ಮಾರ್ಟಿನ್ ತಂಡ ಅತಿ ನಿರ್ವಾತದಲ್ಲಿ ಶುದ್ಧ ಮಾಲಿಬ್ಡಿನಂ ಡೈಸಲ್ಫೈಡ್ ಲೇಪದಿಂದ ಸಾವಿರದ ಕೆಲವೇ ಅಂಶದಷ್ಟು ಘರ್ಷಣಾ ಗುಣಾಂಕ ಪಡೆಯಿತು. 2004ರಲ್ಲಿ ನೆದರ್‌ಲೆಂಡ್ಸ್‌ನ ಲೈಡನ್ ತಂಡ ಗ್ರಾಫೈಟಿನ ಮೇಲೆ ಗ್ರಾಫೈಟಿನ ಪುಟ್ಟ ಚೂರನ್ನು ಎಳೆದು ನೋಡಿತು. 60 ಡಿಗ್ರಿಗೊಮ್ಮೆ ಸಾಲುಗಳು ಹೊಂದಿದಾಗ ಘರ್ಷಣೆ ಏರಿತು, ಮಿಕ್ಕ ಕೋನಗಳಲ್ಲಿ ಅಳತೆಗೆ ಸಿಗದಷ್ಟು ಇಳಿಯಿತು.

ಇಲ್ಲಿಂದ ಮುಂದಿನ ಬರಹಗಳಲ್ಲಿ ಗೊಂದಲವಿದೆ. ಗುಣಾಂಕ 0.01ಕ್ಕಿಂತ ಕಡಿಮೆಯಿದ್ದರೆ ಸಾಕು, ಅದು ಸೂಪರ್‌ಲೂಬ್ರಿಸಿಟಿ ಎನ್ನುವವರಿದ್ದಾರೆ. ಸಾಲುಗಳು ಹೊಂದದಿರುವುದೇ ಕಾರಣವೆಂದು ತೋರಿಸಬೇಕು ಎನ್ನುವವರೂ ಇದ್ದಾರೆ. ಎರಡೂ ಅರ್ಥಗಳು ಬೆರೆತಿರುವುದರಿಂದ ಪ್ರಕಟಿತ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಲಾಗದು. ತೆಳುವಾದಷ್ಟೂ ಹೆಚ್ಚು ಜಾರುತ್ತದೆ ಎಂಬ ಊಹೆಯೂ ನಿಲ್ಲಲಿಲ್ಲ: ಪದರಗಳ ಸಂಖ್ಯೆ ಇಳಿದಂತೆ ಘರ್ಷಣೆ ಏರುತ್ತದೆ ಎಂದು 2010ರ ಅಧ್ಯಯನ ತೋರಿಸಿತು. ಒಂಟಿ ಪದರ ಅಳೆಯುವ ಸೂಜಿಮೊನೆಯ ಮುಂದೆ ಮುದುರಿಕೊಳ್ಳುತ್ತದೆ. ಅಭ್ರಕಕ್ಕೆ ಬಿಗಿಯಾಗಿ ಅಂಟಿಸಿದ ಗ್ರ್ಯಾಫೀನ್‌ನಲ್ಲಿ ಮಾತ್ರ ಈ ಏರಿಕೆ ಕಾಣಲಿಲ್ಲ.

ಗ್ರಾಫೈಟ್ ಚೂರು ತಾನಾಗಿ ತಿರುಗಿ ಸಾಲುಗಳು ಹೊಂದುವ ಕೋನದಲ್ಲಿ ಸಿಕ್ಕಿಕೊಳ್ಳುವುದು ಇನ್ನೊಂದು ತೊಡಕಾಗಿತ್ತು. 2018ರಲ್ಲಿ ಗ್ರಾಫೈಟಿನ ಎದುರಿಗೆ ಇನ್ನೊಂದು ಪದರ ವಸ್ತುವಾದ ಬೋರಾನ್ ನೈಟ್ರೈಡ್ ಇಟ್ಟು ಇದನ್ನು ದಾಟಲಾಯಿತು. ಇವೆರಡರ ಪರಮಾಣು ಅಂತರದಲ್ಲಿ ಸುಮಾರು ಶೇಕಡಾ 1.8ರಷ್ಟು ವ್ಯತ್ಯಾಸವಿರುವುದರಿಂದ ಯಾವ ಕೋನದಲ್ಲೂ ಸಾಲುಗಳು ಪೂರ್ತಿ ಹೊಂದವು. ಆದರೆ 2018ರ ಈ ಅಳತೆಗಳು ನಡೆದದ್ದು ಕೆಲವು ಮೈಕ್ರೋಮೀಟರ್ ಅಗಲದ ಚೂರುಗಳ ಮೇಲೆ.