ನಮ್ಮೂರ ಜೀಪು, ಭಾಗ 4: ಯಾವ ಕಾಲದ ಬೋಲ್ಟು?

ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆಯವರಿಗೆಲ್ಲ ಒಂದು ಪ್ರಶ್ನೆ. ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಶೆಡ್ಡಿನ ಮೂಲೆಯಲ್ಲಿ ಹಳೇ ಜೀಪು ನಿಂತಿದೆಯಾ? ‘ಒರಿಜಿನಲ್ ಪಾರ್ಟ್ ಹಾಕಿ ರೆಡಿ ಮಾಡ್ಸೋಣ’ ಅಂತ ಮಾತು ಬಂದಿದೆಯಾ? ಹಾಗಾದ್ರೆ ಗ್ಯಾರೇಜಿಗೆ ಎಳೆಸೋ ಮೊದಲು ಇದನ್ನ ಓದಿ. ‘ಒರಿಜಿನಲ್’ ಅನ್ನೋ ಮಾತು ಕೇಳೋಕೆ ಸುಲಭ, ಬಿಡಿಸಿ ನೋಡಿದ್ರೆ ಅದರೊಳಗೆ ನಮ್ಮೂರ ಚರಿತ್ರೆನೇ ಇದೆ.

📷 1. ಮೊದಲು ವಯಸ್ಸು ಪತ್ತೆ ಮಾಡಿ

ಬಾನೆಟ್ ತಗ್ಗು, ಮುಂದಿನ ಜಾಲರಿಯಲ್ಲಿ ಒಂಬತ್ತು ಸೀಳು, ಸ್ಟೇರಿಂಗ್ ಎಡಗಡೆ. ಇಷ್ಟಿದ್ರೆ ಅದು ಎರಡನೇ ಮಹಾಯುದ್ಧದ ಜೀಪು. 1941ರಿಂದ 1945ರೊಳಗೆ ವಿಲ್ಲೀಸ್ ಮತ್ತು ಫೋರ್ಡ್ ಎರಡೂ ಸೇರಿ ಇಂಥವನ್ನ 6 ಲಕ್ಷಕ್ಕೂ ಹೆಚ್ಚು ಮಾಡಿದ್ವು. ಯುದ್ಧ ಮುಗಿದ ಮೇಲೆ ಮಿಲಿಟರಿ ಡಿಸ್ಪೋಸಲ್‌ನಲ್ಲಿ ಹರಾಜಾಗಿ ಎಷ್ಟೋ ಜೀಪುಗಳು ಖಾಸಗಿಯವರ ಕೈ ಸೇರಿದವು.

ಬಾನೆಟ್ ಎತ್ತರ, ಸೀಳು ಏಳೇ ಇದ್ರೆ? ಅದು ಸಿಜೆ-3ಬಿ. ಮಹೀಂದ್ರಾ ಕಂಪನಿ 1949ರಲ್ಲಿ ಮುಂಬೈಯಲ್ಲಿ ವಿಲ್ಲೀಸ್ ಜೀಪು ಜೋಡಿಸೋಕೆ ಶುರು ಮಾಡಿ, ಆಮೇಲೆ ದಶಕಗಟ್ಟಲೆ ತಯಾರಿಸಿದ್ದು ಇದನ್ನೇ. ಬಾನೆಟ್ ಎತ್ತರ ಆಗಿದ್ದು ಚೆಂದಕ್ಕಲ್ಲ. ಹಳೇ ಇಂಜಿನ್ನಲ್ಲಿ ಎರಡೂ ವಾಲ್ವು ಬ್ಲಾಕಿನಲ್ಲೇ ಇರ್ತಿತ್ತು. ಹೊಸದರಲ್ಲಿ ಒಳಗೆ ಎಳೆಯೋ ವಾಲ್ವನ್ನ ಮೇಲಿನ ಹೆಡ್ಡಿಗೆ ತಂದ್ರು. ಇಂಜಿನ್ ಎತ್ತರ ಆಯ್ತು, ಬಾನೆಟ್ಟೂ ಏರಿತು.

📷 2. ಒಂದು ಅಕ್ಷರದ ಬೆಲೆ

ಫೋರ್ಡ್ ಮಾಡಿದ ಯುದ್ಧದ ಜೀಪಿನಲ್ಲಿ ಬೋಲ್ಟಿನ ತಲೆ ಮೇಲೂ ‘ಎಫ್’ ಅಕ್ಷರ ಒತ್ತಿರ್ತಿತ್ತು. ವಿಲ್ಲೀಸ್‌ನಲ್ಲಿ ಅದಿಲ್ಲ. ಮುಂದಿನ ಅಡ್ಡಪಟ್ಟಿ ವಿಲ್ಲೀಸ್‌ನಲ್ಲಿ ಗುಂಡು ಪೈಪು, ಫೋರ್ಡಿನಲ್ಲಿ ತಗಡು ಮಡಚಿದ್ದು. ಕರೆಂಟು 6 ವೋಲ್ಟ್. ಹೆಡ್‌ಲೈಟನ್ನ ಹಿಂದಕ್ಕೆ ತಿರುಗಿಸಿದ್ರೆ ರಾತ್ರಿ ಇಂಜಿನ್ ರಿಪೇರಿಗೆ ಬೆಳಕು! ಇವೆಲ್ಲ ಗೊತ್ತಿಲ್ಲದೆ 12 ವೋಲ್ಟ್ ವೈರಿಂಗ್ ಎಳೆದು, ಹಳೇ ಬೋಲ್ಟನ್ನೆಲ್ಲ ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಿದ್ರೆ, ಆ ಗಾಡಿ ಎಲ್ಲಿ ಹುಟ್ಟಿತು ಅನ್ನೋ ಸಾಕ್ಷಿ ಅಲ್ಲಿಗೆ ಮುಗೀತು.

📷 3. ಇಲ್ಲಿಂದ ಕಥೆ ನಮ್ಮದು

1973ರ ಕೊನೆಯಿಂದ ಕೆಲವೇ ತಿಂಗಳಲ್ಲಿ ಜಗತ್ತಿನ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯ್ತು. ಘಾಟಿ, ಕೆಸರು, ತೋಟದ ಏರು. ಇಲ್ಲಿ ಪೆಟ್ರೋಲ್ ಜೀಪು ಸಾಕೋದು ಆನೆ ಸಾಕಿದ ಹಾಗೆ. ಡೀಸೆಲ್ ಇಂಜಿನ್ ಕೂರಿಸೋದು ರೂಢಿಯಾಯ್ತು. 1980ರ ದಶಕದಲ್ಲಿ ಪೆಜೋ ಪರವಾನಗಿಯ ಡೀಸೆಲ್ ಇಂಜಿನ್ ಮಹೀಂದ್ರಾ ಜೀಪಿಗೇ ಬಂತು. ಬಸ್ಸು ಹೋಗದ ಊರಿಗೆ ಅಕ್ಕಿ ಮೂಟೆ, ಗೊಬ್ಬರ, ಬಾಣಂತಿ, ಮದುವೆ ದಿಬ್ಬಣ ಎಲ್ಲ ಹೊತ್ತಿದ್ದು ಈ ‘ಒರಿಜಿನಲ್ ಅಲ್ಲದ’ ಜೀಪುಗಳೇ.

ಈಗ ಹೇಳಿ, 1950ರ ದಶಕದ ಜೀಪಿಗೆ 80ರಲ್ಲಿ ಕೂತ ಡೀಸೆಲ್ ಇಂಜಿನ್ ತೆಗೀಬೇಕಾ, ಬಿಡಬೇಕಾ?

📷 4. ಕಾನೂನು ಏನು ಹೇಳುತ್ತೆ?

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನಿಯಮ ತಂತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಇಂಜಿನ್ ಮಾರ್ಪಟ್ಟಿದ್ರೆ ಆ ಪಟ್ಟ ಸಿಗೋದು ಕಷ್ಟ. ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದ್ರೆ ಅದನ್ನ ದಿನಾ ಓಡಿಸೋ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸೋದು, ಅಷ್ಟಕ್ಕೆ ಮಾತ್ರ. ಅಂದ್ರೆ ತೋಟದ ಗೊನೆ ಹೊರೋ ಜೀಪು ವಿಂಟೇಜ್ ಅಲ್ಲ, ವಿಂಟೇಜ್ ಜೀಪು ಗೊನೆ ಹೊರೋ ಹಾಗಿಲ್ಲ.

ಅದಕ್ಕೇ ಮೊದಲು ಆರ್‌ಸಿ ಪುಸ್ತಕ ಹುಡುಕಿ. ಅದರಲ್ಲಿರೋ ಇಂಜಿನ್ ನಂಬರು, ಇಂಧನ, ಇಸವಿ ಎಲ್ಲ ಗಾಡಿಗೆ ತಾಳೆಯಾಗುತ್ತಾ ನೋಡಿ. ಪಾರ್ಟ್ಸ್ ಹುಡುಕೋದು ಆಮೇಲೆ.

📷 5. ಎಲ್ಲಿ ಸಿಗುತ್ತೆ?

ಬೆಂಗಳೂರಿನ ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆ, ದೆಹಲಿಯ ಮಾಯಾಪುರಿ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಜೀಪಿನ ಇಡೀ ಬಾಡಿಯೇ ಹೊಸದಾಗಿ ತಯಾರಾಗುತ್ತೆ. ಫಿಲಿಪೀನ್ಸ್‌ನ ಎಂ.ಡಿ. ಹುವಾನ್ ಕಂಪನಿ ವಿಲ್ಲೀಸ್ ಅಚ್ಚಿನ ಬಾಡಿ ಮಾಡುತ್ತೆ. ಇವು ಹೊಸ ಮಾಲು, ಹಳೇ ಮಾಲಲ್ಲ. ಹಾಕಿ, ತಪ್ಪಿಲ್ಲ. ಆದ್ರೆ ‘ಹೊಸದು’ ಅಂತ ಬರೆದಿಡಿ.

ಮಳೆ ನಾಡಿನಲ್ಲಿ ಮೊದಲು ಹೋಗೋದು ತಗಡು. ಗೇರ್‌ಬಾಕ್ಸು, ಹೌಸಿಂಗು ದಪ್ಪ ಎರಕ, ಉಳಿದಿರುತ್ತೆ. ಹಾಗಾಗಿ ಒಂದು ಸತ್ತ ಜೀಪು ಇನ್ನೊಂದನ್ನ ಬದುಕಿಸುತ್ತೆ. ಆದ್ರೆ 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿದೆ. ಇಲಾಖೆಗಳ ಹಳೇ ಜೀಪುಗಳು ಹರಾಜಿನ ಬದಲು ಸ್ಕ್ರ್ಯಾಪ್ ಕೇಂದ್ರಕ್ಕೆ ಹೋಗ್ತವೆ. ಅಂದ್ರೆ ಬಿಡಿಭಾಗಗಳ ಕಣಜ ಖಾಲಿಯಾಗ್ತಿದೆ.

📷 6. ನನ್ನ ಅಭಿಪ್ರಾಯ

ಒಂದು ಇಸವಿ ಆರಿಸಿ, ಅದಕ್ಕೆ ಬದ್ಧರಾಗಿ. 1955 ಅಂದ್ರೆ 1955, ಊರಿನ 1985 ಅಂದ್ರೆ 1985. ಎರಡೂ ನಿಜವೇ. ಮುಂದೆ ವಿಲ್ಲೀಸ್ ಜಾಲರಿ, ಕೆಳಗೆ ಅಗಲದ ಟೈರು, ಮೇಲೆ ಎಲ್‌ಇಡಿ ಬಾರ್ ಹಾಕಿದ್ರೆ ಅದು ಯಾವ ಕಾಲದ್ದೂ ಅಲ್ಲ. ತೆಗೆದ ಪಾರ್ಟನ್ನ ಎಣ್ಣೆ ಸವರಿ, ಚೀಟಿ ಕಟ್ಟಿ, ಗೋಣಿಚೀಲದಲ್ಲಿ ಇಡಿ. ಯಾವ ವರ್ಷ, ಯಾಕೆ ಬದಲಾಯ್ತು ಅಂತ ಹಿರಿಯರನ್ನ ಕೇಳಿ ಬರೆಯಿರಿ.

ಕೊಪ್ಪದ ಸಹಕಾರ ಸಾರಿಗೆ ನೆನಪಿದೆಯಲ್ಲ? 1991ರಲ್ಲಿ ಕಾರ್ಮಿಕರೇ ಕಟ್ಟಿದ್ದು, 2020ರಲ್ಲಿ ನಿಂತಿತು. ಬೇಜಾರು ಎಲ್ಲರಿಗೂ ಆಯ್ತು. ಒಂದು ಮಾರ್ಗದ ಬೋರ್ಡು, ಒಂದು ಟಿಕೆಟ್ಟು ಎತ್ತಿಟ್ಟವರು ಎಷ್ಟು ಜನ? ಜೀಪಿಗೂ ಹಾಗಾಗೋದು ಬೇಡ.

ನಿಮ್ಮನೆ ಜೀಪಿನ ಜಾಲರಿಯಲ್ಲಿ ಎಷ್ಟು ಸೀಳು? ಎಣಿಸಿ ಕಮೆಂಟ್ ಹಾಕಿ. ಚಾಸಿ ನಂಬರ್ ಮಾತ್ರ ಹಾಕ್ಬೇಡಿ ಮಾರಾಯ್ರೆ 🙏

ಭಾಗ 5: ಜೀಪಿನ ಟಾಪು, ಮಳೆಗಾಲ ಮತ್ತು ಟಾರ್ಪಾಲು.

#ನಮ್ಮೂರಜೀಪು #ಮಲೆನಾಡು #ಕೊಪ್ಪ #ಶೃಂಗೇರಿ #ಎನ್ಆರ್‌ಪುರ