ಕಿವಿನಾಳದ ಎಲುಬುಗಂಟುಗಳು: ಚರಿತ್ರೆ ಮತ್ತು ಶಸ್ತ್ರಚಿಕಿತ್ಸೆ

ದುಡಿಮೆಯ ಚರಿತ್ರೆಯನ್ನು ಕಟ್ಟುವಾಗ ಹಾಡು, ಕಥೆ, ಸಲಕರಣೆಗಳನ್ನು ಆಕರಗಳಾಗಿ ಬಳಸುವುದು ವಾಡಿಕೆ. ದುಡಿದವರ ದೇಹವೂ ಆಕರವಾಗಬಲ್ಲದೆಂಬುದಕ್ಕೆ ಕಿವಿಯ ಹೊರನಾಳದಲ್ಲಿ ಬೆಳೆಯುವ ಎಲುಬುಗಂಟುಗಳು ಉತ್ತಮ ನಿದರ್ಶನ.

ಇವುಗಳಲ್ಲಿ ಎರಡು ಬಗೆ. ಆಸ್ಟಿಯೋಮಾ ಎಂಬುದು ವಿರಳವಾದ, ನಿರಪಾಯಕಾರಿ ಗಡ್ಡೆ. ಸಾಮಾನ್ಯವಾಗಿ ಒಂದೇ ಕಿವಿಯಲ್ಲಿ, ಎಲುಬುಗಳು ಕೂಡುವೆಡೆ, ತೊಟ್ಟಿಗಂಟಿದ ಕಾಯಿಯಂತೆ ಬೆಳೆಯುತ್ತದೆ. ಎಕ್ಸಾಸ್ಟೋಸಿಸ್ ಅಗಲಬುಡದ ಉಬ್ಬು. ಹೆಚ್ಚಾಗಿ ಎರಡೂ ಕಿವಿಗಳಲ್ಲಿ ಮೂಡಿ ನಾಳವನ್ನು ಕಿರಿದಾಗಿಸುತ್ತದೆ. ಇದನ್ನು ಗಡ್ಡೆ ಎನ್ನುವುದಕ್ಕಿಂತ ತಣ್ಣೀರಿನ ದೀರ್ಘ ಸಂಪರ್ಕಕ್ಕೆ ಎಲುಬು ತೋರುವ ಪ್ರತಿಕ್ರಿಯೆ ಎನ್ನುವುದೇ ಸೂಕ್ತ. 1942ರಲ್ಲಿ ಫೌಲರ್ ಮತ್ತು ಓಸ್ಮನ್ ಗಿನಿಯಿಲಿಗಳ ಕಿವಿಗೆ ತಣ್ಣೀರು ಹಾಯಿಸಿ ಹೊಸ ಎಲುಬು ಬೆಳೆಯುವುದನ್ನು ತೋರಿಸಿದ್ದರು.

ಉತ್ತರ ಚಿಲಿಯ ಪ್ರಾಚೀನ ತಲೆಬುರುಡೆಗಳನ್ನು ಕುರಿತು ವಿವಿಯನ್ ಸ್ಟಾಂಡನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ. ಕರಾವಳಿಯವರಲ್ಲಿ ಶೇಕಡ 30ರಷ್ಟು ಮಂದಿಗೆ ಈ ಗಂಟುಗಳಿದ್ದವು. ಕಣಿವೆಯವರಲ್ಲಿ ಶೇಕಡ 2ರ ಆಸುಪಾಸು. ಎತ್ತರದ ಮಲೆನಾಡಿನವರಲ್ಲಿ ಇರಲೇ ಇಲ್ಲ. ಕರಾವಳಿಯಲ್ಲೂ ಹೆಂಗಸರಿಗಿಂತ ಗಂಡಸರಲ್ಲೇ ಹೆಚ್ಚು. ಕಡಲಿಗೆ ಮುಳುಗಿ ಆಹಾರ ತರುತ್ತಿದ್ದವರು ಬಹುಮಟ್ಟಿಗೆ ಗಂಡಸರೆಂದು ಇದರಿಂದ ಊಹಿಸಬಹುದು. ಬರಹವಿಲ್ಲದ ಸಮುದಾಯವೊಂದರ ಶ್ರಮವಿಭಜನೆ ಹೀಗೆ ಕಿವಿಯಲ್ಲಿ ಉಳಿದುಬಂದಿದೆ.

ಆದರೆ ಗಂಟು ಕಂಡಲ್ಲೆಲ್ಲ ಮುಳುಗುಗಾರನನ್ನು ಕಾಣುವುದು ಅವಸರದ ತೀರ್ಮಾನವಾದೀತು. ರಾಲ್ಫ್ ಸೊಲೆಕಿ 1957ರಲ್ಲಿ ಇರಾಕಿನ ಶಾನಿದಾರ್ ಗುಹೆಯಲ್ಲಿ ಪತ್ತೆಮಾಡಿದ ನಿಯಾಂಡರ್ತಾಲ್ ಮಾನವನ ಎರಡೂ ಕಿವಿನಾಳಗಳಲ್ಲಿ ಇಂಥ ಬೆಳವಣಿಗೆಗಳಿದ್ದವು. ಗುಹೆಯಿರುವುದು ಕಡಲಿನಿಂದ ದೂರದ ಬೆಟ್ಟಸೀಮೆಯಲ್ಲಿ. ಬಲಗೈ ಊನವಾಗಿ, ಕಿವಿಯೂ ಬಹುಶಃ ಮಂದವಾಗಿದ್ದ ಆತ ಆ ಕಾಲಕ್ಕೆ ಮುಪ್ಪೆನ್ನಬಹುದಾದ ವಯಸ್ಸಿನವರೆಗೆ ಬದುಕಿದ್ದನು. ಸಂಗಡಿಗರ ಆಸರೆಯಿಲ್ಲದೆ ಅದು ಕಷ್ಟಸಾಧ್ಯವೆಂಬುದು ವಿದ್ವಾಂಸರ ಅಭಿಮತ.

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಎಣಿಸಿರುವ 28 ಕರ್ಣರೋಗಗಳಲ್ಲಿ ನಾಲ್ಕು ಅರ್ಶಗಳೂ ಏಳು ಅರ್ಬುದಗಳೂ ಸೇರಿವೆ. ಇವನ್ನು ಇಂದಿನ ಆಸ್ಟಿಯೋಮಾದೊಂದಿಗೆ ನೇರವಾಗಿ ಸಮೀಕರಿಸಲು ಆಧಾರ ಸಾಲದು.

ಎಲ್ಲ ಗಂಟುಗಳಿಗೂ ಶಸ್ತ್ರಕ್ರಿಯೆ ಬೇಕಿಲ್ಲ. ಗುಗ್ಗೆ ಸಿಕ್ಕಿಕೊಂಡು ಸೋಂಕು ಮರುಕಳಿಸಿದಾಗ, ಕೇಳ್ಮೆ ಕುಂದಿದಾಗ ಮಾತ್ರ ಅದು ಅಗತ್ಯ. ಹಿಂದೆ ಉಳಿ-ಸುತ್ತಿಗೆಗಳಿಂದಲೇ ಎಲುಬನ್ನು ಕೆತ್ತುತ್ತಿದ್ದರು. ಆನಂತರ ಯಂತ್ರಚಾಲಿತ ಬೈರಿಗೆ ಬಂದಿತು. 1921ರಲ್ಲಿ ಸ್ವೀಡನ್ನಿನ ನೀಲೆನ್ ಕಿವಿಯ ಶಸ್ತ್ರಕ್ರಿಯೆಗೆ ಸೂಕ್ಷ್ಮದರ್ಶಕವನ್ನು ಬಳಸಿದುದು ಈ ಕ್ಷೇತ್ರದ ದೊಡ್ಡ ತಿರುವು. ಒಳಗೆ ಕಿವಿತಮಟೆ, ಮುಂದೆ ದವಡೆಯ ಕೀಲು, ಹಿಂದೆ ಮುಖದ ನರ. ಇವುಗಳ ನಡುವಿನ ಇಕ್ಕಟ್ಟಿನಲ್ಲಿ ತೆಳುಚರ್ಮವನ್ನು ಎಬ್ಬಿಸಿ, ಎಲುಬನ್ನು ಸವೆಸಿ, ಚರ್ಮವನ್ನು ಮತ್ತೆ ಹೊದಿಸಬೇಕು. ಬೈರಿಗೆಯ ಸದ್ದು ಒಳಗಿವಿಗೆ ಹಾನಿಮಾಡೀತೆಂಬ ಕಾರಣದಿಂದ ಕೆಲವು ತಜ್ಞರು ಸಣ್ಣ ಉಳಿಗೇ ಮರಳಿದ್ದಾರೆ. ನೀರಿನಲ್ಲೇ ಬದುಕು ಕಟ್ಟಿಕೊಂಡವರಲ್ಲಿ ಎಕ್ಸಾಸ್ಟೋಸಿಸ್ ಮತ್ತೆ ಬೆಳೆಯಬಹುದಾದ್ದರಿಂದ ಅವರಿಗೆ ಕಿವಿಬಿರಡೆಯನ್ನು ಸೂಚಿಸಲಾಗುತ್ತದೆ.