ಟಿ.ವಿ. ಚಿತ್ರದ ಮರೆಯಲ್ಲಿ ಬಂದ ತಂತ್ರಾಂಶ

ಟೆಲಿವಿಷನ್ ಎಂದರೆ ನೋಡುವುದಕ್ಕೆ ಮತ್ತು ಕೇಳುವುದಕ್ಕೆ ಇರುವ ಸಾಧನ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ 1980ರ ದಶಕದ ಬ್ರಿಟನ್ನಿನಲ್ಲಿ ಅದು ಮೂರನೆಯದೊಂದು ಕೆಲಸವನ್ನೂ ಮಾಡುತ್ತಿತ್ತು. ತೆರೆಯ ಮೇಲೆ ಸುದ್ದಿಯೋ ನಾಟಕವೋ ನಡೆಯುತ್ತಿರುವಾಗಲೇ ಅದೇ ಆಂಟೆನಾದ ಮೂಲಕ ಕಂಪ್ಯೂಟರ್ ಪ್ರೋಗ್ರಾಂಗಳೂ ಮನೆಯೊಳಗೆ ಇಳಿದು ಬರುತ್ತಿದ್ದವು. ಅದಕ್ಕಾಗಿ ಅಂಗಡಿಗೆ ಹೋಗಬೇಕಿರಲಿಲ್ಲ, ಟೆಲಿಫೋನ್ ಬಿಲ್ಲು ಏರುವ ಭಯವಿರಲಿಲ್ಲ, ಪ್ರೋಗ್ರಾಂಗೆ ಬೆಲೆಯೂ ಇರಲಿಲ್ಲ. ಅಂತರ್ಜಾಲ ಜನಸಾಮಾನ್ಯರ ಮನೆಗೆ ಬರುವುದಕ್ಕೆ ಸುಮಾರು ಹತ್ತು ವರ್ಷ ಮೊದಲಿನ ಮಾತಿದು.

ಆ ಕಾಲದ ಮನೆ ಕಂಪ್ಯೂಟರುಗಳಲ್ಲಿ ಬಹಳಷ್ಟು ಯಂತ್ರಗಳು ಹಾಡು ಕೇಳುವ ಮಾಮೂಲಿ ಕ್ಯಾಸೆಟ್ಟುಗಳಲ್ಲೇ ಪ್ರೋಗ್ರಾಂಗಳನ್ನು ಕೂಡಿಡುತ್ತಿದ್ದವು. ಸೊನ್ನೆ ಮತ್ತು ಒಂದುಗಳು ಕ್ಯಾಸೆಟ್ಟಿನಲ್ಲಿ ಕೀರಲು ಸದ್ದಾಗಿ ದಾಖಲಾಗುತ್ತಿದ್ದವು. ಹೊಸ ಪ್ರೋಗ್ರಾಂ ಬೇಕಾದವರು ಕ್ಯಾಸೆಟ್ ಕೊಳ್ಳಬೇಕು. ಇಲ್ಲವೇ ಪತ್ರಿಕೆಯಲ್ಲಿ ಅಚ್ಚಾದ ನೂರಾರು ಸಾಲುಗಳನ್ನು ಕುಳಿತು ಟೈಪ್ ಮಾಡಬೇಕು. ಒಂದು ಅಲ್ಪವಿರಾಮ ತಪ್ಪಿದರೂ ಪಟ್ಟ ಶ್ರಮವೆಲ್ಲ ನೀರುಪಾಲು.

ಪ್ರೋಗ್ರಾಂ ಸದ್ದಾಗಬಲ್ಲದಾದರೆ ಅದನ್ನು ಪ್ರಸಾರ ಮಾಡಲೂಬಹುದಲ್ಲ ಎಂಬ ವಿಚಾರ ಹೊಳೆದದ್ದು ಸಹಜ. ನೆದರ್‌ಲೆಂಡ್ಸ್‌ನ ಎನ್‌ಓಎಸ್ ಪ್ರಸಾರ ಸಂಸ್ಥೆ ತನ್ನ ‘ಹಾಬಿಸ್ಕೂಪ್’ ರೇಡಿಯೋ ಕಾರ್ಯಕ್ರಮದಲ್ಲಿ ಇದನ್ನು ಮಾಡಿ ತೋರಿಸಿತು. ಬ್ರಿಟನ್ನಿನ ಥೇಮ್ಸ್ ಟೆಲಿವಿಷನ್ 1984ರಲ್ಲಿ ‘ಡೇಟಾಬೇಸ್’ ಕಾರ್ಯಕ್ರಮದ ಕೊನೆಯಲ್ಲಿ ಪ್ರೋಗ್ರಾಂಗಳ ಸದ್ದನ್ನು ಬಿತ್ತರಿಸಿತು. ವೀಕ್ಷಕರು ಅದನ್ನು ಟೇಪಿಗೆ ಇಳಿಸಿಕೊಂಡು ಕಂಪ್ಯೂಟರಿಗೆ ಕೊಡಬೇಕಿತ್ತು. ಮರುವರ್ಷ ಚಾನೆಲ್ 4ರ ಒಂದು ಕಾರ್ಯಕ್ರಮ ತೆರೆಯ ಮೂಲೆಯಲ್ಲಿ ಮಿನುಗುವ ಬೆಳಕಿನ ಚುಕ್ಕೆಯ ಮೂಲಕ ಪ್ರೋಗ್ರಾಂ ಕಳುಹಿಸಿತು. ಗಾಜಿಗೆ ಅಂಟಿಸಿದ ಬೆಳಕಿನ ಸಂವೇದಕ ಆ ಮಿನುಗನ್ನು ಓದಿಕೊಳ್ಳುತ್ತಿತ್ತು.

ಇವೆಲ್ಲ ಪ್ರಯೋಗಗಳು. ಪ್ರತಿನಿತ್ಯ ನಡೆಯುವ ವ್ಯವಸ್ಥೆಯೊಂದನ್ನು ಕಟ್ಟಿದ್ದು ಬಿಬಿಸಿ. ಜನರಿಗೆ ಕಂಪ್ಯೂಟರ್ ಕಲಿಸುವುದು ಸಾರ್ವಜನಿಕ ಪ್ರಸಾರ ಸಂಸ್ಥೆಯ ಕರ್ತವ್ಯ ಎಂದು ಭಾವಿಸಿದ ಅದು 1982ರ ಜನವರಿಯಲ್ಲಿ ‘ದ ಕಂಪ್ಯೂಟರ್ ಪ್ರೋಗ್ರಾಂ’ ಎಂಬ ಟಿ.ವಿ. ಮಾಲಿಕೆ ಆರಂಭಿಸಿತು. ಅದರ ಜೊತೆಗೆ ಬಳಸಲೆಂದು ಕೇಂಬ್ರಿಜ್‌ನ ಏಕಾರ್ನ್ ಕಂಪೆನಿ ‘ಬಿಬಿಸಿ ಮೈಕ್ರೋ’ ಎಂಬ ಯಂತ್ರ ತಯಾರಿಸಿತು. ಹನ್ನೆರಡು ಸಾವಿರ ಮಾರಾಟವಾದೀತು ಎಂದು ಅಂದಾಜು ಮಾಡಿದ್ದ ಯಂತ್ರ ಕೊನೆಗೆ ಸುಮಾರು 15 ಲಕ್ಷ ಮಾರಾಟವಾಯಿತು. ಕಲಿಸುವ ಕಾರ್ಯಕ್ರಮವಾಯಿತು, ಯಂತ್ರವಾಯಿತು. ಉಳಿದದ್ದು ಯಂತ್ರಕ್ಕೆ ಬೇಕಾದ ತಂತ್ರಾಂಶ. ಅದನ್ನು ಹೊರಲು ಬಿಬಿಸಿಯ ಬಳಿ ವಾಹನವೊಂದು ಸಿದ್ಧವಾಗಿಯೇ ಇತ್ತು. ಅದು 1974ರ ಸೆಪ್ಟೆಂಬರಿನಲ್ಲಿ ಶುರುವಾಗಿದ್ದ ‘ಸೀಫ್ಯಾಕ್ಸ್’ ಎಂಬ ಟೆಲಿಟೆಕ್ಸ್ಟ್ ಸೇವೆ.

ಬ್ರಿಟನ್ನಿನ ಅಂದಿನ ಟಿ.ವಿ. ಚಿತ್ರ 625 ಗೆರೆಗಳದು. ಅವುಗಳಲ್ಲಿ ಸುಮಾರು 50 ಗೆರೆಗಳಲ್ಲಿ ಚಿತ್ರವೇ ಇರುವುದಿಲ್ಲ. ಒಂದು ಚಿತ್ರ ಮುಗಿದು ಮತ್ತೊಂದು ಶುರುವಾಗುವ ನಡುವಿನ ಬಿಡುವು ಅದು. ಹೀಗೆ ಖಾಲಿ ಹೋಗುತ್ತಿದ್ದ ಗೆರೆಗಳಲ್ಲಿ ಕೆಲವನ್ನು ಸೀಫ್ಯಾಕ್ಸ್ ಅಕ್ಷರ ಸಾಗಿಸಲು ಬಳಸಿಕೊಂಡಿತು. ಒಂದು ಗೆರೆಗೆ 40 ಅಕ್ಷರಗಳ ಒಂದು ಸಾಲು. ಅಂಥ 24 ಸಾಲು ಸೇರಿದರೆ ಒಂದು ಪುಟ. ಸುದ್ದಿ, ಹವಾಮಾನ, ಕ್ರೀಡೆಗಳ ಪುಟಗಳು ಒಂದರ ಹಿಂದೆ ಒಂದು ಸುತ್ತು ಬರುತ್ತಿದ್ದವು. ಜಾತ್ರೆಯ ರಾಟೆ ತೊಟ್ಟಿಲಿನಂತೆ, ಬೇಕಾದ ತೊಟ್ಟಿಲು ಕೆಳಗೆ ಬರುವವರೆಗೆ ಕಾಯಬೇಕು ಅಷ್ಟೇ.

1983ರಲ್ಲಿ ಈ ಸುತ್ತಿಗೆ ಬಿಬಿಸಿ ಮೈಕ್ರೋಗಾಗಿ ಬರೆದ ಪ್ರೋಗ್ರಾಂಗಳ ಪುಟಗಳೂ ಸೇರಿದವು. ಇದಕ್ಕೆ ‘ಟೆಲಿಸಾಫ್ಟ್‌ವೇರ್’ ಎಂದು ಹೆಸರು. ಕಂಪ್ಯೂಟರಿಗೆ ಟೆಲಿಟೆಕ್ಸ್ಟ್ ಅಡಾಪ್ಟರ್ ಜೋಡಿಸಿಕೊಂಡವರು ಕಲಿಕೆಯ ಪಾಠ, ಉಪಯುಕ್ತ ಸಲಕರಣೆ, ಆಟಗಳನ್ನು ಉಚಿತವಾಗಿ ಇಳಿಸಿಕೊಳ್ಳಬಹುದಿತ್ತು. ದೊಡ್ಡ ಪ್ರೋಗ್ರಾಂ ಹಲವು ಪುಟಗಳಲ್ಲಿ ಹಂಚಿಹೋಗಿರುತ್ತಿತ್ತು. ಸುದ್ದಿಯಲ್ಲಿ ಒಂದಕ್ಷರ ತಪ್ಪಿದರೆ ಓದುಗ ಊಹಿಸಿಕೊಂಡಾನು, ಕಂಪ್ಯೂಟರ್ ಊಹಿಸಲಾರದು. ಆದ್ದರಿಂದ ಬಂದ ಮಾಹಿತಿ ಸರಿಯಿದೆಯೇ ಎಂದು ಲೆಕ್ಕ ಹಾಕಿ ನೋಡುವ ಏರ್ಪಾಡಿತ್ತು. ತಪ್ಪಿದ್ದರೆ ಆ ಪುಟ ಮತ್ತೆ ಸುತ್ತಿ ಬರುವವರೆಗೆ ಕಾಯಬೇಕು. ‘ಇನ್ನೊಮ್ಮೆ ಕಳುಹಿಸಿ’ ಎಂದು ಕೇಳಲು ದಾರಿಯಿರಲಿಲ್ಲ, ಏಕೆಂದರೆ ಪ್ರಸಾರ ಏಕಮುಖ.

ಈ ವ್ಯವಸ್ಥೆಯ ಬಲವೂ ಮಿತಿಯೂ ಆ ಏಕಮುಖತೆಯಲ್ಲೇ ಇತ್ತು. ಹತ್ತು ಜನ ಪಡೆದರೂ ಹತ್ತು ಲಕ್ಷ ಜನ ಪಡೆದರೂ ಪ್ರಸಾರದ ವೆಚ್ಚ ಒಂದೇ. ಪಡೆದವರು ಯಾರು, ಎಷ್ಟು ಹೊತ್ತು ಬಳಸಿದರು ಎಂಬ ಲೆಕ್ಕ ಕಳುಹಿಸಿದವರಿಗೆ ಸಿಗುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆದರೆ ಎಲ್ಲರಿಗೂ ಸಿಗುವುದು ಸುತ್ತಿನಲ್ಲಿದ್ದ ಕೆಲವೇ ಪ್ರೋಗ್ರಾಂಗಳು; ಆರಿಸಿ ಕೇಳಿ ಪಡೆಯುವಂತಿರಲಿಲ್ಲ. ಟೆಲಿಫೋನ್ ತಂತಿಯ ಮೂಲಕ ಕೇಳಿದ್ದನ್ನು ಕೊಡುವ ಸೇವೆಗಳು ಅಷ್ಟರಲ್ಲೇ ತಲೆಯೆತ್ತಿದ್ದವು. 1989ರಲ್ಲಿ ಟೆಲಿಸಾಫ್ಟ್‌ವೇರ್ ನಿಂತುಹೋಯಿತು.

ಭಾರತಕ್ಕೂ ಈ ಯಂತ್ರದ ನಂಟಿದೆ. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು ಕೇಂದ್ರ ಸರ್ಕಾರ 1984ರಲ್ಲಿ ಆರಂಭಿಸಿದ ‘ಕ್ಲಾಸ್’ ಯೋಜನೆ ಆರಿಸಿಕೊಂಡದ್ದು ಬಿಬಿಸಿ ಮೈಕ್ರೋವನ್ನೇ. ಮೊದಲ ಹಂತದಲ್ಲಿ 250 ಶಾಲೆಗಳಿಗೆ ಅದು ಬಂತು. ಆದರೆ ಅದರ ಬೆನ್ನಿಗಿದ್ದ ಪ್ರಸಾರ ಬ್ರಿಟನ್ನಿನ ಗಡಿಯಲ್ಲೇ ಉಳಿಯಿತು. ಅಲ್ಲಿನ ಮಕ್ಕಳಿಗೆ ಗಾಳಿಯಲ್ಲಿ ಬರುತ್ತಿದ್ದ ಪ್ರೋಗ್ರಾಂಗಳು ಇಲ್ಲಿನ ಮಕ್ಕಳ ಆಂಟೆನಾಕ್ಕೆ ಎಟುಕುವಂತಿರಲಿಲ್ಲ.

ಸೀಫ್ಯಾಕ್ಸ್ ಕೂಡ 2012ರ ಅಕ್ಟೋಬರ್ 23ರಂದು ಹಳೆಯ ಟಿ.ವಿ. ಪ್ರಸಾರದೊಂದಿಗೇ ಕೊನೆಗೊಂಡಿತು. ಆದರೆ ಜನ ತಮಗೆ ಬೇಕಾದ ಕಾರ್ಯಕ್ರಮಗಳನ್ನು ವಿಡಿಯೋ ಕ್ಯಾಸೆಟ್ಟುಗಳಲ್ಲಿ ಮುದ್ರಿಸಿಕೊಂಡಾಗ, ಗೊತ್ತಿಲ್ಲದೆಯೇ ಆ ಗುಪ್ತ ಗೆರೆಗಳೂ ಮುದ್ರಣವಾಗಿದ್ದವು. ಕ್ಯಾಸೆಟ್ಟಿನಲ್ಲಿ ಅವು ಮಸುಕಾಗಿರುವುದರಿಂದ ನೇರವಾಗಿ ಓದಲಾಗದು. ಆದರೆ ಒಂದೇ ಪುಟ ಹಲವು ಸಲ ಸುತ್ತಿ ಬಂದಿರುತ್ತದೆ. ಆ ಮಸುಕು ಪ್ರತಿಗಳನ್ನು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಹೋಲಿಸಿ ಹವ್ಯಾಸಿಗಳು ಹಳೆಯ ಪುಟಗಳನ್ನು ಮರಳಿ ಪಡೆಯುತ್ತಿದ್ದಾರೆ. ಅಂದು ಕಾಯುವ ಬೇಸರ ತಂದಿದ್ದ ಪುನರಾವರ್ತನೆಯೇ ಇಂದು ಅವುಗಳನ್ನು ಉಳಿಸಿಕೊಡುತ್ತಿದೆ.

ವಿಚಾರವಂತೂ ಸತ್ತಿಲ್ಲ. ಡಿಶ್ ಮೂಲಕ ಟಿ.ವಿ. ನೋಡುವ ಮನೆಗಳಲ್ಲಿ ಕೆಲವೊಮ್ಮೆ ‘ಸಾಫ್ಟ್‌ವೇರ್ ನವೀಕರಣ ನಡೆಯುತ್ತಿದೆ, ಸ್ವಿಚ್ ಆರಿಸಬೇಡಿ’ ಎಂಬ ಸೂಚನೆ ತೆರೆಯ ಮೇಲೆ ಮೂಡುವುದುಂಟು. ಉಪಗ್ರಹದಿಂದ ಸುತ್ತಿ ಸುತ್ತಿ ಬರುವ ತಂತ್ರಾಂಶವನ್ನು ಸೆಟ್‌ಟಾಪ್ ಬಾಕ್ಸ್ ಹಿಡಿದುಕೊಳ್ಳುವ ಹೊತ್ತು ಅದು. ವಿಧಾನ ಸೀಫ್ಯಾಕ್ಸ್ ಕಾಲದ್ದೇ. ವ್ಯತ್ಯಾಸವಿರುವುದು ಒಂದೇ: ಈಗ ಬರುವುದು ಪೆಟ್ಟಿಗೆಗೆ ಬೇಕಾದದ್ದು, ಅಂದು ಬರುತ್ತಿದ್ದದ್ದು ಅದರ ಮುಂದೆ ಕುಳಿತವರಿಗೆ ಬೇಕಾದದ್ದು.